ಹೊಳೆಯೊಳಗೆ ಜುಂ ಎಂದದ್ದು

ಹೋದ ವರ್ಷ ದಸರೆಗೆ ಸ್ವಲ್ಪ ಮುಂಚಿನ ಮಾತು. ನನ್ನ ಮಗಳು ಸವಿತಾಳಿಗೆ ಏಳನೇ ತಿಂಗಳು ನಡೆದಿತ್ತು. ಗದಗ-ಬೆಟಗೇರಿಯ ಗಂಡನ ಮನೆಯಿಂದ ಆಕೆಯನ್ನು ಉಡಿ ತುಂಬುವ ಕುಬಸಕ್ಕೆಂದು ತವರಿಗೆ ಕರೆತಂದಿದ್ದೆವು. ನಮ್ಮದು ಮುಂಡರಗಿ ತಾಲೂಕಿನ ಹೊಳೆದಂಡೆಯ ಹಳ್ಳಿ. ಹಿತ್ತಲಿನಿಂದಲೇ ಹೊಲ ಶುರು, ಹೊಲ ದಾಟಿದರೆ ತುಂಗಭದ್ರೆ. ಆ ಕುಬಸದ ದಿನ ನಮ್ಮ ಹೊಲದಿಂದ ಹೊಳೆಗಿಳಿಯುವ ಮೆಟ್ಟಿಲ ಮೇಲೆ ನಡೆದದ್ದು ನೆನಪಾದರೆ ಕೈಯಲ್ಲಿನ ಕೆಲಸ ಈಗಲೂ ಅಲ್ಲೇ ನಿಂತುಬಿಡುತ್ತದೆ.

ಅದನ್ನು ಹೇಳಬೇಕೆಂದರೆ ಮೊದಲು ನಮ್ಮ ಹಡಗಿನ ವಿಷಯ ಹೇಳಬೇಕು.

ನಮ್ಮ ಮನೆಯವರು, ಶೇಖಪ್ಪ ಅಂತ, ಮುಂಡರಗಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವರು. ಸುಟ್ಟ ಮೋಟರ್ ಸುತ್ತುವುದು, ಹಳೆಯ ಡೀಸೆಲ್ ಎಂಜಿನ್ ತಂದು ಸರಿಮಾಡಿ ಮಾರುವುದು ಅವರ ಕೆಲಸ. ಹಾಗೆ ಒಮ್ಮೆ ಹಳೆಯ ಎಂಜಿನ್ ಒಂದಿದೆಯೆಂದು ಗೋವಾಕ್ಕೆ ಹೋದರು. ಅದು ಯಾರೋ ಶ್ರೀಮಂತರು ಸಮುದ್ರದಲ್ಲಿ ಅಡ್ಡಾಡಲು ಇಟ್ಟುಕೊಂಡಿದ್ದ ಹಡಗಿನ ಎಂಜಿನ್. ಬಿಚ್ಚಿ ಕೊಡುವುದಿಲ್ಲ, ಬೇಕಾದರೆ ಹಡಗನ್ನೇ ಒಯ್ಯಿರಿ ಅಂದರಂತೆ. ನಮ್ಮವರು ತಂದೇಬಿಟ್ಟರು. ಲಾರಿಯ ಮೇಲೆ ಬೆಳ್ಳಗೆ ದೊಡ್ಡದೊಂದು ಮೀನು ಮಲಗಿದ ಹಾಗೆ ಅದು ಊರೊಳಗೆ ಬಂತು. ಯಾಟ್ ಅನ್ನುತ್ತಾರಂತೆ ಅದಕ್ಕೆ. ಒಳಗೆ ಪುಟ್ಟ ಕೋಣೆ, ಎರಡು ಸಣ್ಣ ಹಾಸಿಗೆ, ಬೋಗುಣಿಯಷ್ಟೇ ಅಗಲದ ಕೈತೊಳೆಯುವ ತೊಟ್ಟಿ. ಹಾಯಿ ಕಟ್ಟುವ ಕಂಬ ಇತ್ತು, ಹಾಯಿ ಇರಲಿಲ್ಲ.

ನನ್ನ ನೆಗೆಣ್ಣಿ ಪಾರವ್ವ ಬಾಯಿ ಮೇಲೆ ಸೆರಗು ಇಟ್ಟುಕೊಂಡು ನಿಂತಿದ್ದಳು. "ಅಕ್ಕಾ, ಎಂಜಿನ್ ತರಾಕ ಹೋದ ಭಾವಾರು ಹಡಗ ತಂದ್ರು. ಮುಂದಿನ ಸಲ ಹಡಗ ತರಾಕ ಹೋಗಿ ಸಮುದ್ರಾನ ಲಾರಿಯಾಗ ಹೇರ್ಕೊಂಡ ಬರ್ತಾರ ನೋಡು" ಅಂದಳು.

ಕೆಳಗಡೆ ಬ್ಯಾರೇಜು ಇರುವುದರಿಂದ ನಮ್ಮ ಹೊಲದ ಮಗ್ಗುಲಲ್ಲಿ ವರ್ಷದ ಬಹುಪಾಲು ನೀರು ನಿಂತಿರುತ್ತದೆ. ಅಲ್ಲೇ ಮೆಟ್ಟಿಲಿಗೆ ಹಡಗನ್ನು ಕಟ್ಟಿದರು. ರವಿವಾರ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯಿಂದ ಮಂದಿ ಬುತ್ತಿ ಕಟ್ಟಿಕೊಂಡು ಬಂದು ಕೂತು ಒಂದು ಸುತ್ತು ಹೋಗಿ ಬರತೊಡಗಿದರು. ಮಂಗಳವಾರ ಆಚೆ ದಂಡೆಯ ದೇವಿ ಗುಡಿಗೆ ಹೆಣ್ಣುಮಕ್ಕಳು. ನಮ್ಮವರ ಹೆಸರು ಊರಲ್ಲಿ ಹಡಗಿನ ಶೇಖಪ್ಪ ಎಂದಾಯಿತು.

ಆ ಹಡಗಿನಲ್ಲಿ ನನ್ನ ಪಾಲಿನ ಕೆಲಸ ಪೂಜೆ. ಮುಂಜಾನೆ ಮೆಟ್ಟಿಲಿಳಿದು, ಮಂದಿ ಹತ್ತುವ ಹಿಂಬದಿಯ ಸ್ಟೀಲ್ ಏಣಿಗೆ ಅರಿಶಿನ ಕುಂಕುಮ ಹಚ್ಚಿ, ಬೊಗಸೆಯಲ್ಲಿ ಹೊಳೆಯ ನೀರು ತೆಗೆದುಕೊಂಡು ಹಡಗಿಗೆ ಚಿಮುಕಿಸಿ ಬರುತ್ತಿದ್ದೆ. ನಾನು ದೊಡ್ಡ ವರ ಬೇಡಿದವಳಲ್ಲ. ಒಲೆಯ ಮೇಲಿಟ್ಟು ಮರೆತ ಹಾಲು ಉಕ್ಕದೆ ಉಳಿದರೆ, ಕೈ ಮಾಡಿದ ಮೇಲೆ ಬಸ್ಸು ನಿಂತರೆ, ಮೆಟ್ಟಿಲು ಹತ್ತುವಾಗ ಮೊಣಕಾಲು ಮುನಿಸಿಕೊಳ್ಳದಿದ್ದರೆ, ಅಷ್ಟಕ್ಕೇ ಕೈ ಮುಗಿಯುವವಳು. ಅಂಥವಳಿಗೆ ಒಂದು ಮುಂಜಾನೆ ಹೊಳೆಯ ನೀರಲ್ಲಿ ಕೈ ಅದ್ದಿದಾಗ ಬೆರಳ ತುದಿಯಿಂದ ಮೊಣಕೈವರೆಗೆ ಜುಂ ಎಂದಿತು. ಇರುವೆ ಸಾಲು ಹರಿದಂತೆ. ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ನಾನು ಬೇರೆ ಏನನ್ನೂ ಯೋಚಿಸಲಿಲ್ಲ. ಹೊಳೆತಾಯಿ ಗಂಗವ್ವ ಮುಟ್ಟಿದಳು ಅಂದುಕೊಂಡೆ. ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತು ಅತ್ತೆ.

ಅದು ದಿನಾಲೂ ಬರುತ್ತಿರಲಿಲ್ಲ. ಕೆಲವು ದಿನ ಬರುತ್ತಿತ್ತು, ಕೆಲವು ದಿನ ಬರಿ ತಣ್ಣೀರು. ಬಾರದ ದಿನ, ನಿನ್ನೆ ಯಾರಿಗೆ ಬೈದೆ, ಯಾರ ಮೇಲೆ ಹೊಟ್ಟೆಕಿಚ್ಚುಪಟ್ಟೆ ಎಂದು ನನ್ನ ಮನಸ್ಸನ್ನು ನಾನೇ ಹುಡುಕುತ್ತಿದ್ದೆ. ಮನೆಯವರಿಗೆ ಹೇಳಲಿಲ್ಲ, ಪಾರವ್ವನಿಗೂ ಹೇಳಲಿಲ್ಲ. ಸವಿತಾ ಬಸುರಿಯಾದಾಗ ಆಕೆಯೊಬ್ಬಳ ಕಿವಿಯಲ್ಲಿ ಹೇಳಿದೆ. "ಕುಬಸದ ದಿನ ನೀರಾಗ ನಿಂತಾಗ ನಿನಗೂ ಆಕಿ ಮುಟ್ಟಲಿ ಅಂತ ಬೇಡ್ಕೊಂಡೀನಿ" ಅಂದೆ. ನಮ್ಮ ಮನೆತನದಲ್ಲಿ ಕುಬಸದ ಹೆಣ್ಣು ಹೊಳೆಯಲ್ಲಿ ಮೊಣಕಾಲುದ್ದ ನಿಂತು ಮೊರದಲ್ಲಿ ಗಂಗವ್ವನಿಗೆ ಉಡಿ ಕೊಡುವ ಪದ್ಧತಿ ಇದೆ. ಆಮೇಲೆಯೇ ಆಕೆಯ ಉಡಿ ತುಂಬುವುದು.

ಈ ಸಲ ಎಲ್ಲರೂ ಹಡಗಿನಲ್ಲಿ ಆಚೆ ದಂಡೆಯ ದೇವಿಗೂ ಹೋಗಿ ಬರುವುದು ಎಂದು ನಮ್ಮವರ ಆಸೆ. ಆದರೆ ಹಡಗಿನ ವೈರಿಂಗು ಕೆಟ್ಟಿತ್ತು. ಎಂಜಿನ್ ಚಾಲು ಮಾಡಿದರೆ ಒಳಗಿನ ದೀಪ ಆರುತ್ತಿದ್ದವು. ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು. ಒಂದು ರವಿವಾರ ಲಕ್ಷ್ಮೇಶ್ವರದ ಒಂದು ಕುಟುಂಬ ನಡು ಹೊಳೆಯಲ್ಲಿ ಇದ್ದಾಗ ಸುಕ್ಕಾಣಿಯ ಕೆಳಗಿನಿಂದ ಹೊಗೆಯೇ ಎದ್ದಿತು. ಅವರೆಲ್ಲ ಬುತ್ತಿ ಎದೆಗವಚಿಕೊಂಡು ಒಂದೇ ಕಡೆ ಸರಿದರಂತೆ, ಹಡಗು ವಾಲಿತಂತೆ.

"ಪಕ್ಕಾ ಮನಿಷ್ಯಾನ್ನ ಕರಸ್ರಿ" ಅಂದೆ ನಾನು. "ಬಸುರಿ ಹೆಣ್ಣನ್ನ ಆ ಹೊಗಿಯೊಳಗ ಕುಂಡ್ರಸಂಗಿಲ್ಲ."

"ಜೀವಮಾನ ಎಲ್ಲಾ ಮೋಟರ್ ಸುತ್ತೀನಿ. ನನಗ ವೈರಿಂಗ್ ಕಲಸ್ತಿ ಏನ?"

"ನಿಮ್ಮ ಮೋಟರ್ ಬಾವ್ಯಾಗ ಕುಂಡ್ರತೈತಿ. ಹಡಗಿನ್ಯಾಗ ಮಂದಿ ಕುಂಡ್ರತಾರ" ಅಂದೆ.

ಮರುದಿನ ಅವರೇ ಗೋವಾದವರಿಗೆ ಫೋನ್ ಹಚ್ಚಿ, ಈ ಹಡಗನ್ನು ಮೊದಲು ನೋಡಿಕೊಳ್ಳುತ್ತಿದ್ದ ಕಾರವಾರದ ಎಲೆಕ್ಟ್ರಿಷಿಯನ್ ಒಬ್ಬರನ್ನು ಗೊತ್ತುಮಾಡಿದರು.

ಅವರ ಹೆಸರು ಉಲ್ಲಾಸ ತಾಂಡೇಲ. ಗದಗ ಬಸ್‌ಸ್ಟ್ಯಾಂಡಿಗೆ ಹೋಗಿ ನಮ್ಮವರೇ ಕರೆತಂದರು. ಗಿಡ್ಡ ಆಳು, ದೊಡ್ಡ ಗಂಟಲು. ಬಂದವರೇ ಹಡಗಿನ ಮೈ ತಟ್ಟಿ, "ಏನೇ, ಎಲ್ಲಿಗೆ ಬಂದು ಬಿದ್ಯೇ!" ಎಂದು ಅದನ್ನೇ ಮಾತಾಡಿಸಿದರು. ಸುಕ್ಕಾಣಿಯ ಕೆಳಗಿನ ಹಲಗೆ ಬಿಚ್ಚಿ ಒಳಗೆ ನೋಡಿದವರು ತಲೆ ಮೇಲೆ ಕೈ ಇಟ್ಟುಕೊಂಡರು.

"ಅಯ್ಯೋ ಮಾರಾಯ್ರೆ, ಇದು ಎಂತ, ವೈರಿಂಗಾ ಶ್ಯಾವಿಗೆಯಾ?"

"ಪಾಪ, ಹಸ್ದ ಬಂದಾರ. ಎಲಿ ಹಾಕಕ್ಕಾ" ಅಂದಳು ಪಾರವ್ವ.

ಊಟದಲ್ಲೂ ಅವರದು ತಕರಾರೇ. "ಮನೆ ಮುಂದೆ ಹೊಳೆ, ಹೊಳೆ ತುಂಬ ಮೀನು. ನೀವು ನೋಡಿದ್ರೆ ಬದನೆಕಾಯಿ ತಿಂತ್ರಿ! ದೇವರು ಕೊಟ್ಟದ್ದಕ್ಕೆ ಬೆನ್ನು ಹಾಕಿ ಕೂತ ಜನ ನೀವು" ಎನ್ನುತ್ತಾ ಎಣ್ಣೆಗಾಯಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡರು. ಮಲಗುವುದಕ್ಕೆ ಮನೆಗೆ ಬರಲಿಲ್ಲ, ಹಡಗಿನಲ್ಲೇ ಮಲಗಿದರು. ಮುಂಜಾನೆ ನಾನು ಪೂಜೆಗೆ ಹೋದರೆ ಕಣ್ಣು ಕೆಂಪು. "ನಿದ್ದೆ ಬರಲಿಲ್ಲ ಅಕ್ಕ. ಈ ನೀರು ಅಲುಗಾಡೂದೇ ಇಲ್ಲ! ತೊಟ್ಟಿಲು ತೂಗದಿದ್ರೆ ಮಗು ಮಲಗ್ತದಾ?" ಅಂದರು.

ಅವರ ಕೆಲಸ ಶುರುವಾಗುವ ಮೊದಲೇ ನಮ್ಮವರು ಒಂದು ಗೆರೆ ಎಳೆದಿದ್ದರು. ದಂಡೆಯ ಮೇಲೆ ನಮ್ಮ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ ಇದೆ. ಹಡಗಿನ ಬ್ಯಾಟರಿ ಚಾರ್ಜ್ ಮಾಡಲು ಅಲ್ಲಿಂದ ಒಂದು ವಾಯರು ಎಳೆದಿದ್ದರು. ತಾಂಡೇಲರು ಬರುವ ಮುನ್ನ ಅದನ್ನು ಬಿಚ್ಚಿ ಸುತ್ತಿಟ್ಟರು.

"ಹಡಗಿನ ಒಳಗಿಂದು ನಿಮ್ಮದು, ದಂಡಿ ಮ್ಯಾಲಿಂದು ನಂದು. ಪಂಪಿನ ಲೈನ್ ನನಗ ಗೊತ್ತಿದ್ದಷ್ಟು ನಿಮಗ ಗೊತ್ತಿರಂಗಿಲ್ರಿ" ಅಂದರು.

"ಆಯ್ತು ಮಾರಾಯ್ರೆ, ದಂಡೆ ನಿಮ್ಮದೇ" ಎಂದು ತಾಂಡೇಲರು ನಕ್ಕು ಒಳಗೆ ತಲೆ ಹಾಕಿದರು.

ನಾನು ಚಹಾ ಒಯ್ದಾಗಲೆಲ್ಲ ಅವರ ಕೆಲಸ ನೋಡುತ್ತ ನಿಲ್ಲುತ್ತಿದ್ದೆ. ಹಳೆಯ ತಂತಿ ಕತ್ತರಿಸಿ ತೋರಿಸಿದರು, ಒಳಗಿನ ತಾಮ್ರ ಹಸಿರಾಗಿ ಪುಡಿ ಉದುರುತ್ತಿತ್ತು. ತಾವು ತಂದ ಹೊಸ ತಂತಿ ಸುಲಿದರು, ಒಳಗೆ ಬೆಳ್ಳಿಯ ಹಾಗೆ ಬಿಳುಪು. "ಕಲಾಯಿ ಹಾಕಿದ ತಂತಿ ಅಕ್ಕ. ನೀವು ತಾಮ್ರದ ಪಾತ್ರೆಗೆ ಹಾಕಿಸೂದಿಲ್ವಾ, ಹಾಗೇ." ಒಂದೊಂದು ತಂತಿಗೂ ತುದಿಯಲ್ಲಿ ಚೀಟಿ ಕಟ್ಟಿ, ಹೆರಳು ಹಾಕಿದ ಹಾಗೆ ಸಾಲಾಗಿ ಕೂಡಿಸುತ್ತಿದ್ದರು. ಒಂದೊಂದು ಗಂಟು ಹಾಕಿದ ಮೇಲೂ ಜಗ್ಗಿ ನೋಡುತ್ತಿದ್ದರು. ಕಣ್ಣಿಗೆ ಕಾಣದ ಒಂದು ವಸ್ತು ಆ ಕೂದಲೆಳೆಯಂಥ ದಾರಿಯಲ್ಲಿ ಓಡಿ ದೀಪವಾಗುತ್ತದಲ್ಲ ಎಂದು ನನಗೆ ದೇವರ ಮನೆಯಲ್ಲಿ ನಿಂತಂತೆ ಅನಿಸುತ್ತಿತ್ತು. ಎಷ್ಟೋ ವರ್ಷದಿಂದ ಗುಂಡಿ ಒತ್ತಿದ್ದೇನೆ, ಒಮ್ಮೆಯೂ ಹಾಗೆ ಅನಿಸಿರಲಿಲ್ಲ.

ಒಂದೇ ಕೊರಗು. ತಾಂಡೇಲರು ಬಂದಾಗಿನಿಂದ ಮುಂಜಾನೆ ನೀರಲ್ಲಿ ಕೈ ಇಟ್ಟರೆ ಜುಂ ಎನ್ನುತ್ತಿರಲಿಲ್ಲ. ಒಂದು ದಿನವೂ ಇಲ್ಲ. ನಾನು ಇನ್ನಷ್ಟು ಹೊತ್ತು ಕೈ ಇಟ್ಟು ಕೂರುತ್ತಿದ್ದೆ.

ಕುಬಸದ ದಿನ ಮುಂಜಾನೆ ಕೆಲಸ ಮುಗಿಯಿತು. ಎಂಜಿನ್ ಚಾಲು ಮಾಡಿದರು. ದೀಪ ಆರಲಿಲ್ಲ, ಮಿಣುಕಲೂ ಇಲ್ಲ. ಬಂದ ಬೀಗರೆಲ್ಲ ಚಪ್ಪಾಳೆ ತಟ್ಟಿದರು. ನಮ್ಮವರಿಗೆ ಹುರುಪು ಬಂತು. ಮಗಳ ಕುಬಸಕ್ಕೆ ಹಡಗಿಗೆ ಸಿರೀಸ್ ಬಲ್ಬಿನ ಮಾಲೆ ಹಾಕುತ್ತೇನೆಂದು ಸುತ್ತಿಟ್ಟ ವಾಯರು ತಂದು ಸ್ಟಾರ್ಟರಿನಿಂದ ಹಡಗಿಗೆ ಮತ್ತೆ ಜೋಡಿಸಿದರು. ಆ ಹೊತ್ತಿಗೆ ಹೊಲದ ಲೈನಿನಲ್ಲಿ ಕರೆಂಟು ಇರಲಿಲ್ಲ. ನಮ್ಮ ಕಡೆ ಪಂಪಿನ ಕರೆಂಟು ಪಾಳಿಯ ಮೇಲೆ ಬರುತ್ತದೆ, ಒಮ್ಮೆ ಮುಂಜಾನೆ, ಒಮ್ಮೆ ಮಧ್ಯಾಹ್ನ. ಆ ವಾರ ಮಧ್ಯಾಹ್ನದ ಪಾಳಿ.

ತಾಂಡೇಲರು ಬಸ್ಸಿಗೆ ಹೋಗಬೇಕಿತ್ತು. ಉಣ್ಣದೆ ಕಳಿಸಲು ಮನಸ್ಸಾಗದೆ, ಹೊಲದ ಬೇವಿನ ಗಿಡದ ನೆರಳಲ್ಲಿ ಅವರೊಬ್ಬರಿಗೇ ಮೊದಲು ಎಲೆ ಹಾಕಿದೆ. ಸವಿತಾ ಹಸಿರು ಸೀರೆ, ಕೈ ತುಂಬ ಹಸಿರು ಬಳೆ ತೊಟ್ಟು ಮೊರ ಹಿಡಿದುಕೊಂಡು ಪಾರವ್ವನ ಜೊತೆ ಮೆಟ್ಟಿಲ ಕಡೆ ಹೊರಟಳು. "ನೀ ಬಾರವ್ವ ಜಲ್ದಿ" ಅಂದಳು. "ಹೋಗಿ ನಿಲ್ರಿ, ಇವರಿಗೆ ಹೋಳಿಗಿ ನೀಡಿ ಬಂದೆ" ಅಂದೆ. ಉಳಿದ ಹೆಣ್ಣುಮಕ್ಕಳು ಆರತಿ ತಟ್ಟೆ ಸಿದ್ಧ ಮಾಡುತ್ತ ಮನೆಯಲ್ಲೇ ಇದ್ದರು.

ಹೋಳಿಗೆಗೆ ತುಪ್ಪ ಹಾಕುವಾಗ ತಾಂಡೇಲರು ಕೇಳಿದರು. "ಅಕ್ಕ, ಒಂದು ಮಾತು. ಹಡಗಿಗೆ ಕುಂಕುಮ ನಮ್ಮಲ್ಲೂ ಹಚ್ತಾರೆ. ಆದ್ರೆ ನೀವು ನೀರಲ್ಲಿ ಕೈ ಬಿಟ್ಟು ಕೂತ್ಕಂಡು ಯಾರನ್ನ ಕಾಯ್ತ್ರಿ?"

ನಾನು ಹೇಳಬೇಕೆಂದಿರಲಿಲ್ಲ. ಪರ ಊರಿನ ಗಂಡಸಿಗೆ ಇಂಥದ್ದನ್ನು ಯಾರು ಹೇಳುತ್ತಾರೆ? ಆದರೆ ಬಾಯಿಗೆ ಬಂದೇಬಿಟ್ಟಿತು. "ಗಂಗವ್ವನ್ನ ಕಾಯ್ತೀನ್ರಿ. ಒಮ್ಮೊಮ್ಮೆ ಆಕಿ ನನ್ನ ಕೈ ಮುಟ್ಟತಾಳ. ಜುಂ ಅಂತೈತಿ. ಆದ್ರ ಸಿಟ್ಟಾಗಬ್ಯಾಡ್ರಿ ತಮ್ಮಾ, ನೀವು ಬಂದಾಗಿಂದ ಆಕಿ ಬಂದಿಲ್ಲ. ಮೀನ ತಿನ್ನಾವರು ಹಡಗಿನ್ಯಾಗ ಮಲಗಿದ್ದಕ್ಕೇನೋ ಅಂತ ನನಗ ಸಂಶಯ."

ಅವರು ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಬಾಯಿಗೆ ಒಯ್ದ ತುತ್ತು ಎಲೆಗೆ ಇಳಿಯಿತು.

"ಜುಂ ಅಂತದಾ? ನೀರಿನಲ್ಲಾ? ನಾನು ಬಂದ ಮೇಲೆ ನಿಂತದ್ದಾ?"

"ಹೌದ್ರಿ."

ಅವರ ಕಣ್ಣು ಸ್ಟಾರ್ಟರ್ ಪೆಟ್ಟಿಗೆಗೆ ಹೋಯಿತು. ಅಲ್ಲಿಂದ ಆ ವಾಯರಿನ ಗುಂಟ ಹಡಗಿಗೆ ಹೋಯಿತು. "ನಾನು ಬರೂ ಮೊದಲು ಬಿಚ್ಚಿದ್ದು ಇದೇ ಅಲ್ಲವಾ?" ಅಂದರು, ನನಗಲ್ಲ, ತಮಗೇ. ಅಷ್ಟರಲ್ಲಿ ಪಕ್ಕದ ಹೊಲದ ಪಂಪು ಗುರ್ ಎಂದು ಎದ್ದಿತು. ಕರೆಂಟು ಬಂದಿತ್ತು. ಹಡಗಿನ ಮೇಲೆ ಬಲ್ಬಿನ ಮಾಲೆ ಹಾಡುಹಗಲಲ್ಲಿ ಝಗ್ ಎಂದು ಹೊತ್ತಿತು.

"ಯಾರೂ ನೀರಿಗೆ ಇಳೀಬೇಡಿ!" ಎಂದು ಕೂಗಿದವರೇ ಎಲೆ ದಾಟಿ ಓಡಿದರು. ಮೆಟ್ಟಿಲ ಕಡೆಗಲ್ಲ, ಸ್ಟಾರ್ಟರ್ ಕಡೆಗೆ. ನಾನು ಮೆಟ್ಟಿಲಿಗೆ ಓಡಿದೆ.

ಸವಿತಾ ಆಗಲೇ ಮೊಣಕಾಲುದ್ದ ನೀರಲ್ಲಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳಿತು. "ಅವ್ವಾ, ಬಂದ್ಲವ್ವಾ! ಕಾಲಾಗ ಜುಂ ಅಂತೈತಿ!" ಎನ್ನುತ್ತ ಹಡಗಿನ ಏಣಿಯ ಕಡೆ ಇನ್ನೊಂದು ಹೆಜ್ಜೆ ಇಟ್ಟಳು. ನಾನು ದಿನಾಲೂ ಕುಂಕುಮ ಹಚ್ಚುವ ಏಣಿ. ಆ ಹೆಜ್ಜೆಗೆ ನಗು ಮುಖದ ಮೇಲೆ ಹಾಗೇ ನಿಂತುಬಿಟ್ಟಿತು. ಬಾಯಿ ತೆರೆದೇ ಇತ್ತು, ಧ್ವನಿ ಇರಲಿಲ್ಲ. ಮೊರ ಹಿಡಿದ ಕೈ ಸೆಟೆಯಿತು. ಬಳೆಗಳು ಮಾತ್ರ ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು.

ಮೆಟ್ಟಿಲ ಮೇಲಿದ್ದ ಪಾರವ್ವ ಕೈ ಚಾಚಿ ಇಳಿಯಲು ಹೋದಳು. "ಮುಟ್ಟಬ್ಯಾಡ ಪಾರಿ!" ಎಂದು ಆಕೆಯ ಜಡೆ ಹಿಡಿದು ಜಗ್ಗಿದೆ. ಅಷ್ಟು ಹೇಳಿದ ನಾನೇ ಮರುಗಳಿಗೆ ನೀರಿಗೆ ಹಾರುತ್ತಿದ್ದೆ, ಹೆತ್ತ ಕರುಳು ಮಾತು ಕೇಳುವುದಿಲ್ಲ. ಆ ಹೊತ್ತಿಗೆ ಬಲ್ಬಿನ ಮಾಲೆ ಆರಿತು. ತಾಂಡೇಲರು ಮೇನ್ ಸ್ವಿಚ್ಚಿನ ಹಿಡಿಕೆ ಎಳೆದಿದ್ದರು. ಸವಿತಾ ನೂಲು ಕತ್ತರಿಸಿದ ಗೊಂಬೆಯ ಹಾಗೆ ನೀರಲ್ಲಿ ಕುಸಿದಳು. ನಾನೂ ಪಾರವ್ವನೂ ಕಂಕುಳಿಗೆ ಕೈ ಹಾಕಿ ಮೇಲೆ ಎಳೆದೆವು. ಉಡಿಯ ಅಕ್ಕಿ ಮುಳುಗಿತು, ಎಲೆ, ಕುಬಸದ ಖಣ ನೀರಿನ ಮೇಲೆ ತೇಲುತ್ತ ದೂರ ಹೋದವು.

"ಅವ್ವಾ, ಕೂಸು..." ಅಂದಳು ಮಗಳು. ಅದೇ ಅವಳ ಮೊದಲ ಮಾತು.

ಬಂದಿದ್ದ ಬೀಗರ ಕಾರಿನಲ್ಲೇ ನಮ್ಮವರು ಮುಂಡರಗಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ನಾನು ಅವಳ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ. ಒಂದು ಒದೆತ, ಒಂದು ಮಿಸುಕು. ಏನೂ ಸಿಗಲಿಲ್ಲ. ಅಷ್ಟು ದೂರ ನಾನು ದೇವರ ಹೆಸರನ್ನೂ ಹೇಳಲಿಲ್ಲ, ಹೇಳಲು ಆಗಲಿಲ್ಲ. ಡಾಕ್ಟರಮ್ಮ ಹೊಟ್ಟೆಯ ಮೇಲೆ ಒಂದು ಸಣ್ಣ ಯಂತ್ರ ಇಟ್ಟು ಅತ್ತಿತ್ತ ಸರಿಸಿದರು. ಮೊದಲು ಬರೀ ಗಾಳಿ ಬೀಸಿದಂಥ ಸದ್ದು. ಆಮೇಲೆ ಕುದುರೆ ಓಡಿದ ಹಾಗೆ ಟಕಟಕ ಟಕಟಕ ಎಂದು ಆ ಕೋಣೆಯನ್ನೆಲ್ಲ ತುಂಬಿತು. "ಕೇಳ್ರಿ ಅಜ್ಜಿ, ಏನ ಜೋರ ಅದಾಳೋ ಅದಾನೋ" ಅಂದರು ಅವರು. ಸವಿತಾ ಅತ್ತಳು. ನಮ್ಮವರು ಗೋಡೆ ಕಡೆ ಮುಖ ಮಾಡಿ ನಿಂತರು.

ಸಂಜೆಯ ಬಿಸಿಲಿರುವಾಗಲೇ ಊರಿಗೆ ಮರಳಿದೆವು. ಮಗಳನ್ನು ಮಲಗಿಸಿ ನಾವಿಬ್ಬರೂ ಹೊಳೆಗೆ ಹೋದೆವು. ತಾಂಡೇಲರು ಬಸ್ಸಿಗೆ ಹೋಗಿರಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಕೂತು, ಎಮ್ಮೆ ಹೊಡೆದುಕೊಂಡು ಬಂದವರನ್ನು, ಬಟ್ಟೆಗೆ ಬಂದವರನ್ನು ಎಲ್ಲರನ್ನೂ ಬೇರೆ ಕಡೆ ಕಳಿಸುತ್ತ ಕಾವಲು ಕಾದಿದ್ದರು. ಬೇವಿನ ಕೆಳಗೆ ಅವರ ಎಲೆ ಹಾಗೇ ಇತ್ತು, ಹೋಳಿಗೆಯನ್ನು ಕಾಗೆ ಒಯ್ದಿದ್ದವು. ಮಗಳು, ಕೂಸು ಇಬ್ಬರೂ ಚೆನ್ನಾಗಿದ್ದಾರೆಂದು ಹೇಳಿದಾಗ ಅವರು ತಲೆಯ ಟೋಪಿ ತೆಗೆದು ಮುಖ ಒರೆಸಿಕೊಂಡರು.

ನಮ್ಮವರು ನಿಂತಲ್ಲೇ ಹೇಳಿದರು. ಪಂಪಿನ ಲೈನಿನಲ್ಲಿ ಕರೆಂಟು ಮರಳುವ ನ್ಯೂಟ್ರಲ್ ತಂತಿ ಬರುವುದಿಲ್ಲ. ಹೊಲದಲ್ಲಿ ಒಂದು ದೀಪ ಬೇಕಾದರೆ ನಮ್ಮ ಕಡೆ ಎಲ್ಲರೂ ಕರೆಂಟು ಬರುವ ಒಂದು ಫೇಸ್ ತಂತಿ ತೆಗೆದುಕೊಂಡು, ಇನ್ನೊಂದು ತುದಿಯನ್ನು ನೆಲಕ್ಕೆ ಹೊಡೆದ ಕಬ್ಬಿಣದ ಗೂಟಕ್ಕೆ ಕಟ್ಟುತ್ತಾರೆ. ಗೂಟಕ್ಕೆ ಒಂದು ಕೊಡ ನೀರು ಹಾಕಿದರೆ ದೀಪ ಇನ್ನೂ ಚೆನ್ನಾಗಿ ಉರಿಯುತ್ತದೆ. "ಹೊಳಿಗಿಂತ ಹಸಿ ನೆಲ ಎಲ್ಲಿ ಸಿಗತೈತಿ ಅಂತ ಹಡಗಿನ ಪಂಖಾ ತಿರುಗಸೋ ಶಾಫ್ಟಿಗೇ ಕಟ್ಟೀನ್ರಿ. ಅದು ಏಣಿ ಕೆಳಗ ನೀರಾಗ ಇರತೈತೆಲ್ಲ. ದೀಪ ಹೆಂಗ ಉರಿತಿದ್ವು ಅಂತೀರಿ! ನನಗ ಹೆಮ್ಮಿ ಆಗಿತ್ರಿ."

ತಾಂಡೇಲರು ಬೈಯಲಿಲ್ಲ. "ದಂಡೆ ನಿಮ್ಮದು ಅಂದ್ರಿ, ನಾನೂ ಆಯ್ತು ಅಂದೆ. ಅದು ನಂದು ತಪ್ಪು. ಸಮುದ್ರದಲ್ಲಿ ಈ ಭಯ ಕಡಿಮೆ, ಅದು ನನ್ನನ್ನ ಸೋಮಾರಿ ಮಾಡಿಟ್ಟದೆ" ಅಂದರು. ಆಮೇಲೆ, ನೋಡಿಯೇ ಬಿಡೋಣ ಎಂದು ನಮ್ಮನ್ನೆಲ್ಲ ದೂರ ನಿಲ್ಲಿಸಿ, ತಮ್ಮ ಮೀಟರಿನ ಎರಡು ತಂತಿಗಳನ್ನು ಒಣ ಬಿದಿರಿನ ಗಳಕ್ಕೆ ಕಟ್ಟಿ ನೀರಿಗೆ ಬಿಟ್ಟರು. ನಮ್ಮವರು ಸ್ವಿಚ್ಚು ಹಾಕಿದರು. ಮೀಟರಿನಲ್ಲಿ ಅಂಕಿ ಎದ್ದಿತು. ಗಳವನ್ನು ಏಣಿಯ ಹತ್ತಿರ ಒಯ್ದಂತೆ ಅಂಕಿ ಏರುತ್ತ ಹೋಯಿತು, ದೂರ ಒಯ್ದಂತೆ ಇಳಿಯಿತು. ಹೊಳೆ ಮಾತ್ರ ಅಲ್ಲಾಡಲಿಲ್ಲ. ಸಂಜೆಯ ಬಿಸಿಲು ಬಿದ್ದು ಬಂಗಾರದ ತಗಡಿನ ಹಾಗೆ ಹೊಳೆಯುತ್ತಿತ್ತು. ಒಂದು ಗುಳ್ಳೆ ಇಲ್ಲ, ಒಂದು ಸದ್ದಿಲ್ಲ. ಅಷ್ಟು ಚಂದದ ನೀರಿನ ಹೊಟ್ಟೆಯಲ್ಲಿ ಸಾವು ಹರಡಿಕೊಂಡು ಕೂತಿದೆ ಎಂದು ಯಾರ ಕಣ್ಣಿಗೆ ಕಂಡೀತು?

"ಸಮುದ್ರದಲ್ಲಿ ಆಗಿದ್ರೆ ಬಹುಶಃ ಇಷ್ಟು ಹಿಡೀತಿರಲಿಲ್ಲ ಅಕ್ಕ" ಅಂದರು ತಾಂಡೇಲರು. "ಕರೆಂಟಿಗೆ ಉಪ್ಪು ಅಂದ್ರೆ ಸಲೀಸು ದಾರಿ. ಅಲ್ಲಿ ನೀರೇ ಉಪ್ಪು, ಮನುಷ್ಯನನ್ನ ಬಿಟ್ಟು ನೀರಲ್ಲೇ ಹೋಗ್ತದೆ. ಇದು ಸಿಹಿನೀರು. ಇಲ್ಲಿ ಉಪ್ಪು ಇರೂದು ಮನುಷ್ಯನ ಮೈಯಲ್ಲಿ. ಅದಕ್ಕೆ ಮೈಯೇ ದಾರಿ ಆಗ್ತದೆ. ಕೈಕಾಲು ಹಿಡೀತದೆ, ಈಜು ಬಂದ್ರೂ ಮುಳುಗ್ತಾರೆ, ಕೂಗಲಿಕ್ಕೂ ಬರೂದಿಲ್ಲ."

ನಾನು ಕೇಳುತ್ತ ನಿಂತೆ. ದಿನಾ ಚಿಟಿಕೆ ಅಳತೆಯಲ್ಲಿ ಸಾರಿಗೆ ಹಾಕುವ ಉಪ್ಪು. ಅದು ಬೆವರಲ್ಲಿದೆ, ಕಣ್ಣೀರಲ್ಲಿದೆ ಎಂದು ಗೊತ್ತಿತ್ತು. ಅದರ ಗುಂಟ ಜೀವ ಹೋಗುವ ದಾರಿಯೂ ಇದೆ ಎಂದು ಗೊತ್ತಿರಲಿಲ್ಲ. ಇಷ್ಟು ದಿನ ಮುಂಜಾನೆ ಮುಂಜಾನೆ ನಾನು ಕೈಯನ್ನಷ್ಟೇ ಅದ್ದಿ ಎದ್ದು ಬಂದಿದ್ದೆ. ಮಂಗಳವಾರದ ಹೆಣ್ಣುಮಕ್ಕಳು, ರವಿವಾರದ ಮಕ್ಕಳು, ಎಷ್ಟು ಜನ ಆ ಏಣಿ ಹತ್ತಿ ಇಳಿದಿದ್ದರು! ಯಾರಿಗೂ ಏನೂ ಆಗದೆ ಉಳಿದದ್ದನ್ನು ನೆನೆಯುತ್ತ ಮೆಟ್ಟಿಲ ಮೇಲೆ ಕೂತೆ.

"ಹಂಗಾದ್ರ ನನ್ನ ಮುಟ್ಟತಿದ್ದಾಕಿ ಗಂಗವ್ವ ಅಲ್ಲೇನ್ರಿ?" ಎಂದು ಕೇಳಿದೆ. ಪೆದ್ದ ಪ್ರಶ್ನೆ. ಆದರೆ ಆಗ ಅದನ್ನು ಕೇಳದೆ ಇರಲಾಗಲಿಲ್ಲ.

ತಾಂಡೇಲರು ಮೀಟರಿನ ತಂತಿ ಸುತ್ತಿ ಪಕ್ಕಕ್ಕಿಟ್ಟರು. "ಅದು ಕರೆಂಟು ಅಕ್ಕ. ಅದರಲ್ಲಿ ಸಂಶಯ ಬೇಡ. ಆದ್ರೆ ನಾನು ಯಾರ ಪೂಜೆ ಬಗ್ಗೆಯೂ ಪ್ರಶ್ನೆ ಕೇಳೂ ಮನುಷ್ಯ ಅಲ್ಲ. ಇವತ್ತು ಯಾಕೆ ಕೇಳಿದೆ ಅಂತ ಮಧ್ಯಾಹ್ನದಿಂದ ಯೋಚನೆ ಮಾಡ್ತಾ ಇದ್ದೆ, ಗೊತ್ತಾಗಲಿಲ್ಲ" ಅಂದರು.

ನನಗೆ ಅಷ್ಟು ಸಾಕಾಗಿತ್ತು.

ಅವರು ಇನ್ನೂ ಕೆಲವು ದಿನ ಉಳಿದುಕೊಂಡರು. ದಂಡೆಯ ವಾಯರು ತೆಗೆಸಿ, ಹಡಗಿನ ಮಾಳಿಗೆಗೆ ಸೋಲಾರ್ ಹಲಗೆ ಕೂಡಿಸಿ ಬ್ಯಾಟರಿ ಅದರಿಂದಲೇ ಚಾರ್ಜ್ ಆಗುವಂತೆ ಮಾಡಿದರು. ಈ ಸಲ ದಂಡೆಯದೂ ಹಡಗಿನದೂ ಇಬ್ಬರೂ ಕೂಡಿಯೇ ಮಾಡಿದರು. ನಮ್ಮವರು ಪಕ್ಕದಲ್ಲಿ ಕೂತು ಇಕ್ಕಳ ಕೊಡುತ್ತಿದ್ದರು, ಪಾರವ್ವ "ಭಾವಾರು ಈಗ ಹೆಲ್ಪರ್ ಆದ್ರು" ಎಂದು ಕಾಡಿಸಿದರೂ ಮುಖ ಸಿಂಡರಿಸಲಿಲ್ಲ. ಕುಬಸವನ್ನು ಎರಡು ದಿನ ಬಿಟ್ಟು ಮನೆಯ ಪಡಸಾಲೆಯಲ್ಲಿ ಮಾಡಿದೆವು. ತಾಂಡೇಲರು ಆ ದಿನ ಹೋಳಿಗೆಯನ್ನು ಕಾಗೆಗೆ ಬಿಡದೆ ಉಂಡರು. ಅವರ ಮನೆಯಾಕೆಗೆಂದು ಒಂದು ಇಳಕಲ್ ಸೀರೆ ಕೊಟ್ಟು, ನಾನು ಅವರ ಕಾಲು ಮುಟ್ಟಲು ಬಗ್ಗಿದರೆ ಬೆಂಕಿ ಕಂಡವರಂತೆ ಹಿಂದೆ ಜಿಗಿದರು.

ಸವಿತಾಳಿಗೆ ಹೆಣ್ಣು ಮಗು ಹುಟ್ಟಿತು. ಬಾಣಂತನ ಮುಗಿದ ಮೇಲೆ ತಾಯಿ ಮಗುವನ್ನು ಹೊಳೆಗೆ ಕರೆದುಕೊಂಡು ಹೋಗಿ ಪೂಜೆ ಮಾಡಬೇಕು. ನನ್ನ ಎದೆಯಲ್ಲಿ ಅಳುಕು ಇತ್ತು, ಸವಿತಾಳಿಗೆ ಇನ್ನೂ ಹೆಚ್ಚು. ಹಡಗಿಗೆ ಈಗ ಯಾವ ವಾಯರೂ ಇಲ್ಲ, ಆದರೂ ನಾನೇ ಮೊದಲು ಇಳಿದು ಮೊಣಕಾಲುದ್ದ ನೀರಲ್ಲಿ ನಿಂತೆ. ಆಮೇಲೆ ಆಕೆ ಮಗುವನ್ನೆತ್ತಿಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಮಗುವಿನ ಪುಟ್ಟ ಹಿಮ್ಮಡಿಯನ್ನು ನೀರಿಗೆ ತಾಗಿಸಿದ್ದೇ ತಡ, ಅದು ಮೈಯೆಲ್ಲ ಬಿಗಿಹಿಡಿದು ಕಿಟಾರನೆ ಕಿರುಚಿತು. ಸವಿತಾ ನನ್ನ ಮುಖ ನೋಡಿದಳು.

ದಂಡೆಯ ಮೇಲಿನಿಂದ ನಮ್ಮವರು ಕೂಗಿದರು. "ತಣ್ಣೀರಿಗೆ ಅಳಾಕತ್ತಾಳ ಬಿಡ್ರಿ! ಸ್ಟಾರ್ಟರಿನ ಫ್ಯೂಜು ಎಲ್ಲಾ ನನ್ನ ಕಿಸೇದಾಗ ಅದಾವು!" ಎಂದು ಅಂಗಿಯ ಜೇಬು ತಟ್ಟಿ ತೋರಿಸಿದರು. ಅದೊಂದು ಹೊಸ ರೂಢಿ ಅವರದು. ಮನೆಯ ಹೆಣ್ಣುಮಕ್ಕಳು ನೀರಿಗೆ ಇಳಿಯುತ್ತಾರೆ ಎಂದರೆ ಪಂಪಿನ ಫ್ಯೂಜು ಕಿತ್ತು ಕಿಸೆಯಲ್ಲಿ ಹಾಕಿಕೊಂಡು, ಪೂಜೆ ಮುಗಿದು ಎಲ್ಲರೂ ಮೇಲೆ ಬರುವವರೆಗೆ ಕಾಲು ಕದಲಿಸದೆ ನಿಲ್ಲುತ್ತಾರೆ.

ಪಾರವ್ವ ನಕ್ಕಳು, ಸವಿತಾ ನಕ್ಕಳು. ಮಗು ಇನ್ನೂ ಅಳುತ್ತಲೇ ಇತ್ತು. ನಾನು ಬಗ್ಗಿ ನೀರಲ್ಲಿ ಕೈ ಅದ್ದಿದೆ. ಏನೂ ಮುಟ್ಟಲಿಲ್ಲ. ಬರೀ ತಣ್ಣಗಿತ್ತು. ಆ ಏನೂ ಇಲ್ಲದ ತಣ್ಣೀರನ್ನು ಬೊಗಸೆಯಲ್ಲಿ ತುಂಬಿಕೊಂಡು ಕಣ್ಣಿಗೆ ಒತ್ತಿಕೊಂಡೆ.